ಹಳೆಯ ಜೀಪು ಕೊಳ್ಳುವ ಮುನ್ನ ಓಟದ ಲೆಕ್ಕ ಹಾಕಿ

ಅಡಿಕೆ ಸುಲಿತ ಮುಗಿದು, ಕಾಫಿ ಕೊಯ್ಲಿನ ಹಣ ಕೈಸೇರುವ ಹೊತ್ತಿಗೆ ನಮ್ಮ ಮಲೆನಾಡಿನ ರೈತರಲ್ಲಿ ಒಂದು ಆಸೆ ತಲೆ ಎತ್ತುತ್ತದೆ. ಅದು ಒಂದು ಹಳೆಯ ಜೀಪು ಕೊಳ್ಳುವ ಆಸೆ. ಇದನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿಯ ಒಳಭಾಗಗಳಲ್ಲಿ ಟಾರು ರಸ್ತೆ ಬಿಟ್ಟು ಮೂರು ನಾಲ್ಕು ಕಿಲೋಮೀಟರು ಒಳಗಿರುವ ಮನೆಗಳು ಇಂದಿಗೂ ಬೇಕಾದಷ್ಟಿವೆ. ಆಷಾಢದ ಮಳೆಯಲ್ಲಿ ಗೊಬ್ಬರದ ಚೀಲ ತರಲು, ಅಡಿಕೆ ಮೂಟೆ ಸೊಸೈಟಿಗೆ ಸಾಗಿಸಲು, ರಾತ್ರಿ ಹೊತ್ತು ಬಾಣಂತಿಯನ್ನೋ ಹಾವು ಕಚ್ಚಿದವರನ್ನೋ ಆಸ್ಪತ್ರೆಗೆ ಒಯ್ಯಲು, ನಾಲ್ಕೂ ಚಕ್ರಕ್ಕೆ ಎಳೆತವಿರುವ ಜೀಪನ್ನು ಬಿಟ್ಟರೆ ಬೇರೆ ವಾಹನ ಅಲ್ಲಿಗೆ ಏರುವುದಿಲ್ಲ.

ಮೊನ್ನೆ ಪರಿಚಯದ ರೈತರೊಬ್ಬರು ಕಚೇರಿಗೆ ಬಂದು, "ಸರ್, ಎರಡು ಜೀಪು ನೋಡಿ ಇಟ್ಟಿದೀನಿ. ಒಂದು ಪೆಟ್ರೋಲು, ಇನ್ನೊಂದು ಡೀಸೆಲ್ಲು. ಡೀಸೆಲ್ಲೇ ತಗೊಂಡ್ರೆ ಒಳ್ಳೇದಲ್ವಾ?" ಎಂದು ಕೇಳಿದರು. "ಗೌಡ್ರೇ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ?" ಎಂದೆ. ಅವರು ಸುಮ್ಮನಾದರು. ಅದರ ಲೆಕ್ಕವನ್ನು ಅವರು ಇಟ್ಟಿರಲಿಲ್ಲ. ಅವರೊಬ್ಬರ ಮಾತಲ್ಲ ಇದು. ಈ ಪ್ರಶ್ನೆ ಕೇಳಿಕೊಂಡು ಬರುವ ಹತ್ತು ಜನರಲ್ಲಿ ಒಂಬತ್ತು ಜನರ ಉತ್ತರ ಇದೇ. ಆದುದರಿಂದ ಈ ವಾರ ಬೆಳೆಯ ವಿಷಯವನ್ನು ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ಹಿಂದಿನ ಮಾತು, ಇಂದಿನ ದರ

"ಜೀಪು ಅಂದರೆ ಡೀಸೆಲ್ಲೇ" ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಆ ಮಾತಿಗೆ ಒಂದು ಕಾಲದಲ್ಲಿ ಸರಿಯಾದ ಆಧಾರವಿತ್ತು. ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ಜೋಡಿಸಿದ ಮೊದಲ ವಿಲ್ಲೀಸ್ ಜೀಪುಗಳು ಪೆಟ್ರೋಲಿನವು. 1973ರಲ್ಲಿ ಅರಬ್ ದೇಶಗಳ ತೈಲದ ಬೆಲೆ ಏರಿದ ಮೇಲೆ ಪೆಟ್ರೋಲು ಜೀಪು ಸಾಕುವುದು ಕಷ್ಟವಾಯಿತು. ಆ ದಶಕದಿಂದಲೇ ಡೀಸೆಲ್ ಎಂಜಿನ್ನಿನ ಜೀಪುಗಳು ಬಂದವು. 1980ರ ದಶಕದಲ್ಲಿ ಪ್ಯೂಜೊ ಮಾದರಿಯ ಎಂಜಿನ್ ಕೂರಿಸಿದ ಎಂ.ಎಂ. 540 ನಮ್ಮ ಘಟ್ಟದ ಊರುಗಳಲ್ಲಿ ಮನೆಮಾತಾಯಿತು. ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿದ್ದರಿಂದ ಎರಡರ ನಡುವಿನ ಅಂತರ ದೊಡ್ಡದಾಗಿತ್ತು. 2012ರ ಮೇ ತಿಂಗಳಿನಲ್ಲಿ ದೆಹಲಿಯಲ್ಲಿ ಪೆಟ್ರೋಲು ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ಲು 41 ರೂಪಾಯಿಯ ಆಸುಪಾಸಿನಲ್ಲಿತ್ತು. ಅಂಥ ಕಾಲದಲ್ಲಿ ಡೀಸೆಲ್ ಬಿಟ್ಟು ಪೆಟ್ರೋಲು ಕೊಂಡವರನ್ನು ಜನ ನಕ್ಕರೆ ತಪ್ಪೇನಿರಲಿಲ್ಲ.

ಆದರೆ 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ತೆಗೆಯಲಾಯಿತು. ಅಂದಿನಿಂದ ಅಂತರ ಕುಗ್ಗಿದೆ. 2025ರ ಏಪ್ರಿಲಿನಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ಲು 91 ರೂಪಾಯಿ, ಪೆಟ್ರೋಲು 103 ರೂಪಾಯಿಯ ಆಸುಪಾಸಿಗೆ ಬಂತು. ಮೂವತ್ತೆರಡು ರೂಪಾಯಿ ಇದ್ದ ಅಂತರ ಹನ್ನೆರಡಕ್ಕೆ ಇಳಿದಿದೆ. ದರ ಬದಲಾಯಿತು, ನಮ್ಮ ಮಾತು ಮಾತ್ರ ಬದಲಾಗಿಲ್ಲ.

ಕಾಗದದ ಮೇಲೆ ಲೆಕ್ಕ

ಗೌಡರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆವು. ಅವರ ಮನೆಯಿಂದ ಪೇಟೆಗೆ ಒಂಬತ್ತು ಕಿಲೋಮೀಟರು. ವಾರಕ್ಕೆ ಮೂರು ಸಲ ಹೋಗಿ ಬಂದರೆ 54 ಕಿಲೋಮೀಟರು. ವರ್ಷಕ್ಕೆ 2,808. ಮದುವೆ, ಜಾತ್ರೆ, ಆಸ್ಪತ್ರೆ ಎಂದು ಸೇರಿಸಿ 3,000 ಎಂದಿಟ್ಟುಕೊಳ್ಳೋಣ.

ಗುಡ್ಡದ ಮಣ್ಣುರಸ್ತೆಯಲ್ಲಿ ಹಳೆಯ ಪೆಟ್ರೋಲು ಜೀಪು ಲೀಟರಿಗೆ 9 ಕಿಲೋಮೀಟರು, ಡೀಸೆಲ್ ಜೀಪು 12 ಕಿಲೋಮೀಟರು ಕೊಡುತ್ತದೆ ಎಂದು ಹಿಡಿಯೋಣ. ಪೆಟ್ರೋಲಿಗೆ ಕಿಲೋಮೀಟರಿಗೆ 11 ರೂಪಾಯಿ 44 ಪೈಸೆ, ಡೀಸೆಲ್ಲಿಗೆ 7 ರೂಪಾಯಿ 58 ಪೈಸೆ ಬೀಳುತ್ತದೆ. ಉಳಿತಾಯ 3 ರೂಪಾಯಿ 86 ಪೈಸೆ. ಅಂದರೆ 3,000 ಕಿಲೋಮೀಟರಿಗೆ ವರ್ಷಕ್ಕೆ 11,580 ರೂಪಾಯಿ.

ಗೌಡರು ನೋಡಿದ್ದ ಡೀಸೆಲ್ ಜೀಪಿನ ಬೆಲೆ ಪೆಟ್ರೋಲಿನದಕ್ಕಿಂತ ಒಂದೂವರೆ ಲಕ್ಷ ಹೆಚ್ಚಿತ್ತು. ಈ ಉಳಿತಾಯದಿಂದ ಆ ಒಂದೂವರೆ ಲಕ್ಷ ತೀರಲು ಸುಮಾರು ಹದಿಮೂರು ವರ್ಷ ಬೇಕು. ಇನ್ನು, ಆ ಹೆಚ್ಚಿನ ಹಣವನ್ನು ಶೇಕಡಾ 10ರ ಬಡ್ಡಿಗೆ ಸಾಲ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 15,000 ರೂಪಾಯಿ. ಬಂಕಿನಲ್ಲಿ ಉಳಿಸಿದ್ದಕ್ಕಿಂತ ಬ್ಯಾಂಕಿಗೆ ಕಟ್ಟಿದ್ದೇ ಹೆಚ್ಚು! ಗೌಡರು ಹಾಳೆಯನ್ನು ಎರಡು ಸಲ ನೋಡಿ, "ಹಂಗಾದ್ರೆ ಇಷ್ಟು ದಿನ ನಾವು ಲೀಟರಿನ ಲೆಕ್ಕ ಹಾಕ್ತಿದ್ವಿ, ಓಟದ ಲೆಕ್ಕ ಹಾಕ್ಲೇ ಇಲ್ಲ" ಎಂದರು. ಈ ಲೇಖನದ ಸಾರವೆಲ್ಲ ಆ ಒಂದು ಮಾತಿನಲ್ಲಿದೆ.

ಇದೇ ಲೆಕ್ಕವನ್ನು ತಿಂಗಳಿಗೆ 1,000 ಕಿಲೋಮೀಟರು ಓಡಿಸುವವರಿಗೆ ಹಾಕಿ ನೋಡಿ. ವರ್ಷಕ್ಕೆ 46,320 ರೂಪಾಯಿ ಉಳಿಯುತ್ತದೆ. ಮೂರೂಕಾಲು ವರ್ಷದಲ್ಲಿ ಹೆಚ್ಚು ಕೊಟ್ಟ ಬೆಲೆ ತೀರುತ್ತದೆ. ಅಂಥವರಿಗೆ ಡೀಸೆಲ್ಲೇ ಸರಿ. ಎರಡು ತೋಟಗಳ ನಡುವೆ ದಿನವೂ ಆಳುಗಳನ್ನು ಕರೆದೊಯ್ಯುವವರು, ಹಾಲು ತರಕಾರಿ ಸಾಗಿಸುವವರು ಈ ಗುಂಪಿಗೆ ಸೇರುತ್ತಾರೆ.

ಇಲ್ಲಿ ಕೊಟ್ಟ ಬೆಲೆ ಮೈಲೇಜುಗಳು ಲೆಕ್ಕದ ಮಾದರಿಗಾಗಿ ಮಾತ್ರ. ನಿಮ್ಮ ಊರಿನ ದರ, ನೀವು ನೋಡಿದ ಗಾಡಿಯ ಬೆಲೆ ಹಾಕಿಕೊಂಡು ನೀವೇ ಲೆಕ್ಕ ಮಾಡಿರಿ. ವಿಮೆಯನ್ನೂ ಮರೆಯಬಾರದು. 2022ರ ಜೂನಿನಲ್ಲಿ ನಿಗದಿಯಾದ ದರದಂತೆ 1,000ದಿಂದ 1,500 ಸಿ.ಸಿ. ವರೆಗಿನ ಖಾಸಗಿ ಗಾಡಿಗೆ ಮೂರನೆಯವರ ವಿಮೆ ವರ್ಷಕ್ಕೆ 3,416 ರೂಪಾಯಿ, 1,500 ಸಿ.ಸಿ. ಮೀರಿದರೆ 7,897 ರೂಪಾಯಿ. 1,300 ಸಿ.ಸಿ.ಯ ಪೆಟ್ರೋಲು ಜಿಪ್ಸಿ ಮೊದಲ ಸಾಲಿಗೆ, 2,000 ಸಿ.ಸಿ. ದಾಟಿದ ಡೀಸೆಲ್ ಜೀಪುಗಳು ಎರಡನೆಯ ಸಾಲಿಗೆ ಬರುತ್ತವೆ. ಇಲ್ಲಿಯೂ 4,481 ರೂಪಾಯಿಯ ವ್ಯತ್ಯಾಸ.

ಕೆಲಸಕ್ಕೆ ತಕ್ಕ ಎಂಜಿನ್

ಹಣದ ಲೆಕ್ಕವೊಂದೇ ಸಾಲದು, ಕೆಲಸದ ಲೆಕ್ಕವೂ ಬೇಕು. ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಇಂಧನದ ಆಯ್ಕೆ ಎಂದರೆ ಬಹುಮಟ್ಟಿಗೆ ಗಾಡಿಯ ಆಯ್ಕೆಯೇ. ಮಾರುತಿ ಜಿಪ್ಸಿ 1985ರಲ್ಲಿ ಬಂದು 2019ರ ಹೊತ್ತಿಗೆ ನಿಂತಿತು. ಕಾರ್ಖಾನೆಯಿಂದ ಹೊರಬಿದ್ದ ಜಿಪ್ಸಿಗಳೆಲ್ಲ ಪೆಟ್ರೋಲಿನವೇ. 2010ರಿಂದ 2020ರವರೆಗಿನ ಮೊದಲ ಥಾರ್ ಡೀಸೆಲ್ಲಿನದು. 2020ರ ಹೊಸ ಥಾರ್ ಎರಡರಲ್ಲೂ ಬಂದಿತು. 2023ರಲ್ಲಿ ಬಂದ ಜಿಮ್ನಿ ಪೆಟ್ರೋಲು ಮಾತ್ರ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಸುಮಾರು ಇಪ್ಪತ್ತು ಪಟ್ಟು ಒತ್ತಿದಾಗ ಏಳುವ ಕಾವಿನಲ್ಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಇದರಿಂದ ಕಡಿಮೆ ವೇಗದಲ್ಲಿಯೇ ಎಳೆಯುವ ಶಕ್ತಿ ಬರುತ್ತದೆ. ಹತ್ತು ಮೂಟೆ ಹೇರಿಕೊಂಡು ಏರು ಹತ್ತುವಾಗ ಗಾಡಿ ಉಸಿರುಗಟ್ಟುವುದಿಲ್ಲ. ಇಳಿಜಾರಿನಲ್ಲಿಯೂ ಚಿಕ್ಕ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ದಿನವೂ ಭಾರ ಹೇರುವವರಿಗೆ, ಟ್ರೇಲರ್ ಎಳೆಸುವವರಿಗೆ ಇದು ದೊಡ್ಡ ಅನುಕೂಲ. ಮನೆಯಲ್ಲಿ ಟ್ರ್ಯಾಕ್ಟರು, ಟಿಲ್ಲರು ಇದ್ದರೆ ಒಂದೇ ಎಣ್ಣೆ ಎಲ್ಲಕ್ಕೂ ಆಗುತ್ತದೆ. ಪೆಟ್ರೋಲನ್ನು ಹಾಗೆ ಮನೆಯಲ್ಲಿ ತುಂಬಿಡುವಂತಿಲ್ಲ. ಬೇಗ ಆವಿಯಾಗಿ ಬೆಂಕಿ ಹಿಡಿಯುವ ವಸ್ತು ಅದು. ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚು ಇಡುವುದಕ್ಕೆ ಕಾನೂನಿನಲ್ಲಿಯೂ ಅವಕಾಶವಿಲ್ಲ.

ಪೆಟ್ರೋಲು ಎಂಜಿನ್ ಹಗುರ. ಜಿಪ್ಸಿಯಂಥ ಗಾಡಿಯ ಒಟ್ಟು ತೂಕ ಒಂದು ಟನ್ನಿನ ಆಸುಪಾಸು. ಮಳೆಗಾಲದ ಜಾರುಮಣ್ಣಿನಲ್ಲಿ ಭಾರದ ಗಾಡಿ ಹೂತುಕೊಳ್ಳುವ ಕಡೆ ಹಗುರ ಗಾಡಿ ಮೇಲೆ ಮೇಲೆ ಹೋಗಿಬಿಡುತ್ತದೆ. ಹೂತರೂ ನಾಲ್ಕು ಜನ ತಳ್ಳಿ ಎತ್ತಬಹುದು. ಬೆಳಗಿನ ಚಳಿಗೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಇಬ್ಬರು ಮೂವರು ಕೂತು ಪೇಟೆಗೆ ಹೋಗಿ ಬರುವಷ್ಟೇ ಕೆಲಸವಿದ್ದರೆ ಇದೇ ಸಾಕು.

ಹಳ್ಳ ದಾಟುವ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಪೆಟ್ರೋಲು ಜೀಪಿನ ಡಿಸ್ಟ್ರಿಬ್ಯೂಟರಿಗೆ ನೀರು ಹಾರಿದರೆ ನಡುಹಳ್ಳದಲ್ಲೇ ನಿಲ್ಲುತ್ತದೆ. ಹಳೆಯ ಡೀಸೆಲ್ ಹಾಗೆ ನಿಲ್ಲುವುದಿಲ್ಲ. ಆ ಧೈರ್ಯದಿಂದಲೇ ಡೀಸೆಲ್ ಗಾಡಿಯವರು ಆಳದ ನೀರಿಗೆ ಇಳಿಯುವುದುಂಟು. ಗಾಳಿ ಎಳೆಯುವ ಬಾಯಿಗೆ ನೀರು ಹೊಕ್ಕರೆ ಯಾವ ಎಂಜಿನ್ನೂ ಉಳಿಯುವುದಿಲ್ಲ. ಒತ್ತಡ ಹೆಚ್ಚಿರುವ ಡೀಸೆಲ್ಲಿನಲ್ಲಿ ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತದೆ. ಎಂಜಿನ್ನಿಗಿಂತ ಜೀವ ದೊಡ್ಡದು. ಕೆಂಪು ನೀರು ಹರಿಯುವ ಹಳ್ಳಕ್ಕೆ ಯಾವ ಜೀಪನ್ನೂ ಇಳಿಸಬಾರದು.

ಎರಡಕ್ಕೂ ಅದರದರ ಕಾಯಿಲೆ

ಡೀಸೆಲ್ ಎಂಜಿನ್ ಗಟ್ಟಿ ಎಂಬುದು ನಿಜ. ಆದರೆ ಕೆಟ್ಟಾಗ ಖರ್ಚೂ ಗಟ್ಟಿಯೇ. ಪಂಪು ಮತ್ತು ನಾಝಲ್ ಕೆಲಸವನ್ನು ಊರಿನ ಮೆಕ್ಯಾನಿಕ್ ಮಾಡಲಾರ. ಪಂಪನ್ನು ಬಿಚ್ಚಿ ದೊಡ್ಡ ಪೇಟೆಯ ಪಂಪ್ ಅಂಗಡಿಗೆ ಒಯ್ದು, ಯಂತ್ರದ ಮೇಲೆ ಕೂರಿಸಿ ಅಳತೆ ಮಾಡಿಸಬೇಕು. ಹಳೆಯ ಪೆಟ್ರೋಲು ಎಂಜಿನ್ನಿನ ಪ್ಲಗ್, ಪಾಯಿಂಟ್, ಕಾರ್ಬುರೇಟರನ್ನು ಹೋಬಳಿಯ ಫಿಟ್ಟರೇ ಸರಿಮಾಡಬಲ್ಲ.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದ ಮೇಲಿನ ಡೀಸೆಲ್ ಗಾಡಿ ಕೊಳ್ಳುವವರು ಇನ್ನೊಂದು ಮಾತು ತಿಳಿದಿರಬೇಕು. ಇವುಗಳ ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಜಾಲರಿ ಇದೆ. ಗಾಡಿ ಬಹಳ ಹೊತ್ತು ಒಂದೇ ವೇಗದಲ್ಲಿ ಓಡಿ ಚೆನ್ನಾಗಿ ಕಾದಾಗ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಸೊಸೈಟಿಗೆ ಎಂದು ಎರಡು ಮೂರು ಕಿಲೋಮೀಟರಿನ ಓಟವೇ ಆದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಸಣ್ಣ ಓಟದವರು ಇಂಥ ಗಾಡಿಯಿಂದ ದೂರ ಇರುವುದು ಒಳ್ಳೆಯದು.

ಪೆಟ್ರೋಲಿಗೂ ಹೊಸ ತೊಡಕೊಂದಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಈ ಎಥನಾಲ್ ನಮ್ಮ ಕಬ್ಬು, ಮೆಕ್ಕೆಜೋಳದಿಂದಲೇ ಆಗುವಂಥದು. ಬೆಳೆಗೆ ಬೇಡಿಕೆ ತಂದಿದೆ, ಅದು ಸಂತೋಷದ ವಿಷಯ. ಆದರೆ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟೇ ಶಕ್ತಿ ಇದೆ. ಆದಕಾರಣ ಮೈಲೇಜು ಸ್ವಲ್ಪ ತಗ್ಗುತ್ತದೆ. ಹಳೆಯ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ಅದು ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಜಿಪ್ಸಿಯ ಟ್ಯಾಂಕಿನಲ್ಲಿ ನೀರು ಸೇರಿ ತುಕ್ಕು ಹಿಡಿಯಬಹುದು. ಹಳೆಯ ಪೆಟ್ರೋಲು ಗಾಡಿ ಕೊಂಡವರು ಮೊದಲಿಗೇ ಎಣ್ಣೆಯ ಪೈಪುಗಳನ್ನು ಹೊಸದಾಗಿ ಹಾಕಿಸಿ, ವಾರಕ್ಕೊಮ್ಮೆಯಾದರೂ ಗಾಡಿ ಓಡಿಸಬೇಕು.

ನೋಡಿ ಕೊಳ್ಳುವ ಬಗೆ

ಎತ್ತು ಕೊಳ್ಳುವಾಗ ಹಲ್ಲು ನೋಡುವ ನಾವು ಜೀಪು ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬಾರದು. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಿರಿ.

ಬೆಳಿಗ್ಗೆ ಹೋಗಿ ಬಾನೆಟ್ಟು ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ಇನ್ನೊಂದು ದಿನ ಬರುತ್ತೇನೆ ಎಂದು ಹೊರಡಿ. ತಣ್ಣಗಿರುವ ಎಂಜಿನ್ ಹೇಗೆ ಎದ್ದೇಳುತ್ತದೆ ಎಂಬುದರಲ್ಲಿಯೇ ಅದರ ಅರ್ಧ ಜಾತಕವಿದೆ.

ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಡೀಸೆಲ್ಲಿನಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿರಬಹುದು, ಪಂಪು ನಾಝಲ್ ಕೆಟ್ಟಿರಬಹುದು. ಕಾದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಆಯಿಲ್ ನೋಡುವ ಕಡ್ಡಿ ಎಳೆದಾಗ ಹಾಲು ಬೆರೆತಂತೆ ಕಂಡರೆ ಅಂಥ ಗಾಡಿ ಬೇಡವೇ ಬೇಡ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಒಳಗಿನಿಂದ ಹೊಗೆ ಬುಸುಬುಸು ಎಂದು ಒತ್ತಿ ಬಂದರೆ ಪಿಸ್ಟನ್ ರಿಂಗು, ಬೋರು ಸವೆದಿದೆ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂಜಿನ್ ತಣ್ಣಗಿರುವಾಗಲೇ ತೆಗೆಯಬೇಕು.

ಫೋರ್ ವೀಲ್ ಲಿವರ್ ಹಾಕಿ, ಹೈ ಮತ್ತು ಲೋ ಎರಡರಲ್ಲೂ ಓಡಿಸಿ ನೋಡಿ. ಇದನ್ನು ಟಾರು ರಸ್ತೆಯ ಮೇಲೆ ಮಾಡಬಾರದು, ಮಣ್ಣಿನಲ್ಲಿ ಮಾಡಬೇಕು. ಫೋರ್ ವೀಲ್ ಬೀಳದ ಜೀಪು ನಮ್ಮ ಕೆಲಸಕ್ಕೆ ಬಾರದು.

ಕೊನೆಗೆ ಗಾಡಿಯ ಅಡಿಗೆ ಮಲಗಿ ಚಾಸಿ ನೋಡಿ. ಬ್ಲೇಡುಗಳು ಕೂರುವ ಕಡೆ ಬಿರುಕು, ವೆಲ್ಡಿಂಗ್ ಇದೆಯೇ ಪರೀಕ್ಷಿಸಿ. ಪೊಟ್ಯಾಷ್, ಯೂರಿಯಾ ಸಾಗಿಸಿದ ಗಾಡಿಯ ನೆಲದ ತಗಡು, ಮೈಲುತುತ್ತದ ದ್ರಾವಣ ಚೆಲ್ಲಿದ ಗಾಡಿಯ ಕಬ್ಬಿಣ ಬೇಗ ತಿಂದುಹೋಗುತ್ತದೆ. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು, ಕೊಳೆತ ಚಾಸಿಗೆ ಮದ್ದಿಲ್ಲ. ನಿಮ್ಮ ನಂಬಿಕೆಯ ಮೆಕ್ಯಾನಿಕ್ಕನ್ನು ದಿನಗೂಲಿ ಕೊಟ್ಟು ಜೊತೆಯಲ್ಲಿ ಕರೆದೊಯ್ಯಿರಿ. ಆ ಹಣ ದಂಡವಲ್ಲ.

ಕಾಗದಪತ್ರವೂ ಗಾಡಿಯ ಒಂದು ಭಾಗ

ನನಗೆ ತಿಳಿದ ರೈತರೊಬ್ಬರು ಕೆಲವು ವರ್ಷಗಳ ಹಿಂದೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಡೀಸೆಲ್ ಜೀಪು ಕೊಂಡರು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಒಂದು ಮಳೆಗಾಲ ತಿರುವಿನಲ್ಲಿ ಜಾರಿ ಕೆಳಗುರುಳಿತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ವಿಮೆಯ ಹಣ ಕೇಳಲು ಹೋದಾಗ ಆರ್.ಸಿ. ಪುಸ್ತಕದಲ್ಲಿ ಇಂಧನ ಪೆಟ್ರೋಲು ಎಂದಿತ್ತು. ಹಿಂದೆ ಯಾರೋ ಪೆಟ್ರೋಲು ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದರು, ಕಚೇರಿಯಲ್ಲಿ ಬರೆಸಿರಲಿಲ್ಲ. ಒಂದು ರೂಪಾಯಿಯೂ ಬರಲಿಲ್ಲ. ಜೀಪಿನ ಸಾಲ ಮಾತ್ರ ಉಳಿಯಿತು. ಅದನ್ನು ತೀರಿಸಲು ಅವರು ಎರಡು ವರ್ಷದ ಅಡಿಕೆಯನ್ನು ಬೆಲೆ ಬರುವ ಮೊದಲೇ ಮಾರಿದರು.

ಆದುದರಿಂದ ಎಂಜಿನ್ ನಂಬರು, ಚಾಸಿ ನಂಬರು, ಇಂಧನ ಮೂರನ್ನೂ ಆರ್.ಸಿ.ಯೊಂದಿಗೆ ಕಣ್ಣಾರೆ ತಾಳೆ ನೋಡಿರಿ. ಎಂಜಿನ್ ಬದಲಾಯಿಸಲು ಆರ್.ಟಿ.ಒ. ಒಪ್ಪಿಗೆ ಬೇಕೇ ಬೇಕು. ತಯಾರಕರು ಮಾಡಿದ ಮೂಲ ಸ್ವರೂಪವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಹಿಂದಿನ ಸಾಲ ತೀರಿದ್ದರೆ 35ನೇ ನಮೂನೆ, ವರ್ಗಾವಣೆಗೆ 29 ಮತ್ತು 30ನೇ ನಮೂನೆ, ಹೊರರಾಜ್ಯದ ಗಾಡಿಯಾದರೆ 28ನೇ ನಮೂನೆಯ ಎನ್.ಒ.ಸಿ. ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿರಿ.

ಉತ್ತರದಿಂದ ಬರುವ ಅಗ್ಗದ ಡೀಸೆಲ್ ಗಾಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದೆಹಲಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳ ಓಡಾಟಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿತು. ಆ ಮೇಲೆ ಅಲ್ಲಿನ ಗಾಡಿಗಳು ಅಗ್ಗವಾಗಿ ಹೊರರಾಜ್ಯಗಳಿಗೆ ಬಂದವು. ನಮ್ಮ ರಾಜ್ಯದಲ್ಲಿ ಅಂಥ ತಡೆ ಇಲ್ಲ. ಆದರೆ ಇಲ್ಲಿ ನೋಂದಾಯಿಸಲು ಆಜೀವ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯನ್ನು ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸಬೇಕು. ಇದರ ಶುಲ್ಕ 2022ರ ಏಪ್ರಿಲಿನಿಂದ 5,000 ರೂಪಾಯಿ. 20 ವರ್ಷ ಮೀರಿದ ಗಾಡಿಗೆ 2025ರ ಆಗಸ್ಟಿನಲ್ಲಿ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಹಸಿರು ತೆರಿಗೆ ಬೇರೆ.

ಕೊನೆಯ ಮಾತು

ಇಷ್ಟೆಲ್ಲ ಹೇಳಿದ ಮೇಲೆ, ಪೆಟ್ರೋಲೋ ಡೀಸೆಲ್ಲೋ ಎಂಬ ಪ್ರಶ್ನೆಗೆ ಊರಿಗೆಲ್ಲ ಒಂದೇ ಉತ್ತರವಿಲ್ಲ ಎಂಬುದು ಸ್ಪಷ್ಟ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರಿನ ಒಳಗೆ ಓಡಿಸುವ, ಭಾರ ಹೇರದ ಮನೆಗೆ ಸುಸ್ಥಿತಿಯಲ್ಲಿರುವ ಪೆಟ್ರೋಲು ಗಾಡಿ ಸಾಕು. ಹತ್ತು ಸಾವಿರ ದಾಟುವವರಿಗೆ, ದಿನವೂ ಮೂಟೆ ಹೇರುವವರಿಗೆ ಡೀಸೆಲ್ ಲಾಭ. ನಡುವಿನವರು ಹತ್ತಿರದಲ್ಲಿ ಯಾವುದಕ್ಕೆ ಒಳ್ಳೆಯ ಮೆಕ್ಯಾನಿಕ್ ಇದ್ದಾನೋ, ಯಾವುದರ ಚಾಸಿ ಕಾಗದಪತ್ರ ಚೊಕ್ಕವಾಗಿದೆಯೋ ಅದನ್ನು ಕೊಳ್ಳಲಿ. ಕೆಟ್ಟ ಡೀಸೆಲ್ಲಿಗಿಂತ ಒಳ್ಳೆಯ ಪೆಟ್ರೋಲು ಮೇಲು. ಕೆಟ್ಟ ಪೆಟ್ರೋಲಿಗಿಂತ ಒಳ್ಳೆಯ ಡೀಸೆಲ್ಲು ಮೇಲು.

ಕೊಳ್ಳುವ ಮುನ್ನ ಒಂದು ತಿಂಗಳು ತಡೆಯಿರಿ. ಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ಓಡಾಟವನ್ನು, ಬಸ್ಸಿನದಾಗಲಿ ಬೈಕಿನದಾಗಲಿ ಬಾಡಿಗೆ ಜೀಪಿನದಾಗಲಿ, ಕಿಲೋಮೀಟರು ಸಹಿತ ಬರೆದಿಡಿ. ತಿಂಗಳ ಕೊನೆಗೆ ಕೂಡಿಸಿ ಹನ್ನೆರಡರಿಂದ ಗುಣಿಸಿ. ಬಂದ ಮೊತ್ತವನ್ನು ಹಿಡಿದುಕೊಂಡು ಈ ಲೇಖನದ ಲೆಕ್ಕ ಹಾಕಿ. ವರ್ಷಕ್ಕೆ ಸಾವಿರ ಕಿಲೋಮೀಟರೂ ಬರದಿದ್ದರೆ ಜೀಪೇ ಬೇಡ, ಬೇಕಾದಾಗ ಬಾಡಿಗೆಗೆ ಕರೆಸುವುದೇ ಜಾಣತನ ಎಂದು ಕ್ಯಾಲೆಂಡರೇ ಹೇಳೀತು.

ಅಂದಹಾಗೆ, ನಮ್ಮ ಗೌಡರು ಇನ್ನೂ ಯಾವ ಜೀಪನ್ನೂ ಕೊಂಡಿಲ್ಲ. ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಾರೆ.